ಎಸ್12 ಸೊನ್ನೆ ಎನ್ನುವ ಮುನ್ನ

ಸುರತ್ಕಲ್, ಮಣಿಪಾಲ, ನಿಟ್ಟೆಯ ಲ್ಯಾಬ್‌ಗಳಲ್ಲಿ 2.4 ಗಿಗಾಹರ್ಟ್ಸ್ ಆಂಪ್ಲಿಫೈಯರನ್ನು ಪ್ರಾಜೆಕ್ಟಿಗೆ ಎತ್ತಿಕೊಳ್ಳುವವರಿಗೆ ಲೆಕ್ಕ ಹಗುರ ಮಾಡುವ ಒಂದು ಊಹೆ ಇದೆ: ಟ್ರಾನ್ಸಿಸ್ಟರಿನ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಏನೂ ಮರಳುವುದಿಲ್ಲ, ಅಂದರೆ ಹೀಗೆ ಮರಳುವ ಸಿಗ್ನಲಿನ ಅಳತೆಯಾದ ಎಸ್12 ಸೊನ್ನೆ. ಮಂಗಳೂರಿನ ಹಂಪನಕಟ್ಟೆ ಕಡೆಯ ಒನ್‌ವೇ ಇದ್ದಂತೆ ಇದು. ಬೋರ್ಡ್ ಇದೆ, ಎದುರಿನಿಂದ ಸ್ಕೂಟರೂ ಬರುತ್ತದೆ. ಎಸ್12 ಸಾಕಷ್ಟು ಚಿಕ್ಕದಿದ್ದರೆ ಗೇನ್ (ಸಿಗ್ನಲ್ ಎಷ್ಟು ಹಿಗ್ಗುತ್ತದೆ) ಲೆಕ್ಕಕ್ಕೆ ಈ ಊಹೆ ನಡೆಯುತ್ತದೆ, ಸ್ಥಿರತೆಯ (ತಾನಾಗಿ ಆಂದೋಲನಕ್ಕೆ ಇಳಿಯದಿರುವುದರ) ಲೆಕ್ಕಕ್ಕೆ ನಡೆಯುವುದೇ ಇಲ್ಲ.

ಮೊದಲು ಡೇಟಾಶೀಟ್‌ನಿಂದ ನಾಲ್ಕು ಎಸ್ ಪ್ಯಾರಾಮೀಟರ್‌ಗಳನ್ನು ಬರೆದುಕೊಳ್ಳಿ: ಎಸ್11 ಇನ್‌ಪುಟ್‌ನಲ್ಲಿ, ಎಸ್22 ಔಟ್‌ಪುಟ್‌ನಲ್ಲಿ ಪ್ರತಿಫಲಿಸುವ ಪಾಲು; ಎಸ್21 ಮುಂದಕ್ಕೆ, ಎಸ್12 ಹಿಂದಕ್ಕೆ ಸಾಗುವ ಪಾಲು. ನೀವು ಕೊಡಲಿರುವ ವೋಲ್ಟೇಜ್, ಕರೆಂಟಿನದೇ ಕೋಷ್ಟಕವಾಗಿರಲಿ. ಇವು ಸಣ್ಣ ಸಿಗ್ನಲ್‌ಗೆ ಮಾತ್ರ ಸಲ್ಲುವ ಅಂಕಿಗಳು; ಪವರ್ ಆಂಪ್ಲಿಫೈಯರಿಗೆ ಇದೇ ದಾರಿ ಹಿಡಿಯಬೇಡಿ.

ಎರಡನೆಯದು ಸ್ಥಿರತೆ. ಇಲ್ಲಿ ಎಸ್12ರ ನಿಜವಾದ ಬೆಲೆಯನ್ನೇ ಹಾಕಿ ಸ್ಥಿರತೆಯ ಅಳತೆಗೋಲಾದ ರೋಲೆಟ್‌ನ ಕೆ ಅಂಶ ಲೆಕ್ಕ ಹಾಕಿ. ಕೆ 1ಕ್ಕಿಂತ ಹೆಚ್ಚು, ಡೆಲ್ಟಾದ (ಎಸ್11 × ಎಸ್22 − ಎಸ್12 × ಎಸ್21) ಪರಿಮಾಣ 1ಕ್ಕಿಂತ ಕಡಿಮೆ ಇರಬೇಕು. ಅದೂ 2.4ರಲ್ಲಿ ಮಾತ್ರವಲ್ಲ, ಕೋಷ್ಟಕದಲ್ಲಿರುವ ಅಷ್ಟೂ ಫ್ರೀಕ್ವೆನ್ಸಿಗಳಲ್ಲಿ. 2.4ಕ್ಕಿಂತ ಕಡಿಮೆ ಫ್ರೀಕ್ವೆನ್ಸಿಗಳಲ್ಲಿ ಟ್ರಾನ್ಸಿಸ್ಟರಿನ ಗೇನ್ ಜಾಸ್ತಿ, ಆಂದೋಲನದ ಅಪಾಯವೂ ಜಾಸ್ತಿ. ಎಸ್12 ಸೊನ್ನೆ ಎಂದರೆ ಕೆ ಅನಂತವಾಗುತ್ತದೆ; ಆಂಪ್ಲಿಫೈಯರ್ ಆಸಿಲೇಟರ್ ಆಗಬಹುದೆಂಬ ಸುಳಿವೇ ಕಾಗದದಿಂದ ಅಳಿಸಿಹೋಗುತ್ತದೆ.

ಇನ್ನು ಈ ಊಹೆಯಿಂದ ಗೇನ್ ಲೆಕ್ಕದಲ್ಲಿ ಎಷ್ಟು ತಪ್ಪಾಗುತ್ತದೆಂದು ಅಳೆಯೋಣ. ನಾಲ್ಕೂ ಪರಿಮಾಣಗಳನ್ನು ಗುಣಿಸಿ, (1 − ಎಸ್11ರ ವರ್ಗ) ಮತ್ತು (1 − ಎಸ್22ರ ವರ್ಗ) ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಬರುವುದು 'ಯು'; ಇದು ಚಿಕ್ಕದಾದಷ್ಟೂ ತಪ್ಪು ಕಡಿಮೆ. ಉದಾಹರಣೆಗೆ ಎಸ್11 0.6, ಎಸ್22 0.5, ಎಸ್21 3, ಎಸ್12 0.02 ಇರಲಿ. ಯು 0.0375. ಗರಿಷ್ಠ ಗೇನ್ ಸುಮಾರು 12.7 ಡೆಸಿಬೆಲ್, ಅದರಲ್ಲಿ ತಪ್ಪು ಆಚೀಚೆ 0.33 ಡೆಸಿಬೆಲ್ ಮೀರದು. ಒಪ್ಪಬಹುದು. ಎಸ್12 0.05 ಆದರೆ ತಪ್ಪು 0.8ರ ಆಸುಪಾಸಿಗೆ ಏರುತ್ತದೆ. ಆಗ ಊಹೆ ಬಿಟ್ಟು ಇನ್‌ಪುಟ್, ಔಟ್‌ಪುಟ್ ಎರಡೂ ಬದಿಯನ್ನು ಒಟ್ಟಿಗೆ ಮ್ಯಾಚ್ ಮಾಡುವುದೇ (ಹೊಂದಿಸುವುದೇ) ವಾಸಿ.

ಊಹೆ ಒಪ್ಪಿಗೆಯಾದರೆ ಮುಂದಿನದು ಸಲೀಸು: ಸ್ಮಿತ್ ಚಾರ್ಟ್‌ನಲ್ಲಿ (ಮ್ಯಾಚಿಂಗ್ ಲೆಕ್ಕದ ವೃತ್ತಾಕಾರದ ನಕ್ಷೆ) ಇನ್‌ಪುಟ್ಟನ್ನು ಎಸ್11ರ ಕಾಂಜುಗೇಟ್‌ಗೆ (ಅದೇ ಪರಿಮಾಣ, ಕೋನದ ಚಿಹ್ನೆ ಮಾತ್ರ ತಿರುವುಮುರುವು), ಔಟ್‌ಪುಟ್ಟನ್ನು ಎಸ್22ರ ಕಾಂಜುಗೇಟ್‌ಗೆ ಬೇರೆ ಬೇರೆಯಾಗಿ ಹೊಂದಿಸಿ.

ಸರ್ಕ್ಯೂಟ್ ಬೋರ್ಡಿಗೆ ಇಳಿದಾಗ ಇನ್ನೊಂದು ಊಹೆ ಕಾಡುತ್ತದೆ: ಗ್ರೌಂಡ್ ಎಂದರೆ ಗ್ರೌಂಡೇ, ನಡುವೆ ತಡೆಯೇ ಇಲ್ಲ. ಎಮಿಟರಿನ ಕೆಳಗಿನ ವಯಾದಲ್ಲಿ (ಗ್ರೌಂಡ್ ಪದರಕ್ಕೆ ಜೋಡಿಸುವ ಲೋಹ ಲೇಪಿತ ತೂತು) 1 ನ್ಯಾನೋಹೆನ್ರಿ ಇದ್ದರೂ 2.4 ಗಿಗಾಹರ್ಟ್ಸ್‌ನಲ್ಲಿ ಅದು 15 ಓಮ್. ಒಂದರ ಬದಲು ನಾಲ್ಕೈದು ವಯಾ ಕೊರೆಸಿ. ಎಫ್‌ಆರ್-4 ಬೋರ್ಡ್ ತೇವ ಹೀರುತ್ತದೆ, ನಮ್ಮ ಆಟಿ ತಿಂಗಳ ಮಳೆಯಲ್ಲಂತೂ ಕೇಳುವುದೇ ಬೇಡ, ಡ್ರೈ ಬಾಕ್ಸ್‌ನಲ್ಲಿಡಿ.

ಕೊನೆಗೆ ಇನ್‌ಪುಟ್‌ಗೆ 50 ಓಮ್ ಟರ್ಮಿನೇಷನ್ ಹಾಕಿ, ಸಿಗ್ನಲ್ ಕೊಡದೆ, ಔಟ್‌ಪುಟ್ಟನ್ನು ಸ್ಪೆಕ್ಟ್ರಮ್ ಅನಲೈಸರಿಗೆ ಜೋಡಿಸಿ ಪವರ್ ಆನ್ ಮಾಡಿ. ಕೆಲವು ಮೆಗಾಹರ್ಟ್ಸ್‌ನಿಂದಲೇ ಸ್ಕ್ಯಾನ್ ಶುರುವಾಗಲಿ. ಎಲ್ಲಾದರೂ ಒಂದು ಗೆರೆ ಎದ್ದರೆ ಅದು ಆಂದೋಲನದ ಸುಳಿವು; ಎರಡನೇ ಹಂತಕ್ಕೆ ವಾಪಸ್.