ಬೆನ್ನಿಗೆ ಹಾಕುವ ಲಾಡಿ ಚೀಲ ಮನೆಯಲ್ಲೇ ಹೊಲಿಯಿರಿ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರಿಗೆ ಎರಡೂ ಕೈ ಖಾಲಿ ಇರಬೇಕು. ನೀರಿನ ಬಾಟಲಿ, ಹಣ್ಣುಕಾಯಿ, ಒಂದು ಟವೆಲ್, ಇಷ್ಟಕ್ಕೆ ದೊಡ್ಡ ಬ್ಯಾಗು ಯಾಕೆ? ಲಾಡಿ ಎಳೆದರೆ ಬಾಯಿ ಮುಚ್ಚುವ, ಅದೇ ಲಾಡಿಯನ್ನು ಹೆಗಲಿಗೆ ಹಾಕಿಕೊಳ್ಳುವ ಬಟ್ಟೆ ಚೀಲ ಸಾಕು. ಲಂಗಕ್ಕೆ ಲಾಡಿ ಪಟ್ಟಿ ಹೊಲಿಯಲು ಬಂದರೆ ಇದೂ ಬರುತ್ತದೆ.

ಬಟ್ಟೆ ದಪ್ಪ ಹತ್ತಿಯದಾಗಿರಲಿ. ಹಳೆ ಬೆಡ್‌ಶೀಟಿನ ಸವೆಯದ ಭಾಗ, ಖಾದಿ, ಪರದೆ ಬಟ್ಟೆ ಎಲ್ಲ ಆಗುತ್ತದೆ. ಮೇಲುಕೋಟೆ ಪಂಚೆ ಚೆಂದವೇ, ಆದರೆ ತೆಳು, ಎರಡು ಪದರ ಮಾಡಿಕೊಳ್ಳಿ. ಹಳೆಯದಾಯ್ತು ಅಂತ ಮೈಸೂರು ಸಿಲ್ಕ್ ಸೀರೆಗೆ ಮಾತ್ರ ಕತ್ತರಿ ಹಾಕಬೇಡಿ. ಕ್ರೇಪ್ ರೇಷ್ಮೆ ಸೂಜಿಯಡಿ ಜಾರುತ್ತದೆ, ಭಾರ ಬಿದ್ದರೆ ಹೊಲಿಗೆ ಪಕ್ಕ ಎಳೆ ಬಿಡುತ್ತದೆ. ಹೊಸ ಬಟ್ಟೆಯಾದರೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ. ಹತ್ತಿ ಕುಗ್ಗುತ್ತದೆ ಅಲ್ವಾ?

38 ಇಂಚು ಉದ್ದ, 15 ಇಂಚು ಅಗಲದ ಒಂದೇ ತುಂಡು ತೆಗೆದುಕೊಂಡು ಮಧ್ಯಕ್ಕೆ ಮಡಚಿ. ತಳದಲ್ಲಿ ಹೊಲಿಗೆಯೇ ಇಲ್ಲದ್ದರಿಂದ ಅಲ್ಲಿ ಬಿಚ್ಚಿಕೊಳ್ಳುವ ಭಯವಿಲ್ಲ. ಆನೆ, ನವಿಲಿನ ಚಿತ್ರವಿದ್ದರೆ ಒಂದು ಬದಿ ತಲೆಕೆಳಗಾಗುತ್ತದೆ, ಅಂಥ ಬಟ್ಟೆಗೆ ಎರಡು ತುಂಡು ಮಾಡಿ ತಳ ಸೇರಿಸಿ, ಅದಕ್ಕೆ ಒಂದಿಂಚು ಬಟ್ಟೆ ಜಾಸ್ತಿ ಬೇಕು. ಚೀಲ ಮುಗಿದಾಗ 17 ಇಂಚು ಎತ್ತರ, 14 ಇಂಚು ಅಗಲ ಬರುತ್ತದೆ.

ಈಗ ಮುಖ್ಯವಾದದ್ದು, ಕೆಳಗಿನ ಮೂಲೆ. ಇಡೀ ಭಾರ ಎಳೆಯುವುದು ಅಲ್ಲಿ. ಅದೇ ಬಟ್ಟೆಯಲ್ಲಿ ಮೂರಿಂಚಿನ ಎರಡು ಗಟ್ಟಿ ಪಟ್ಟಿ ಮಾಡಿ, ಮಡಚಿ ಕುಣಿಕೆಯಂತೆ ಮಾಡಿಕೊಳ್ಳಿ. ಚೀಲದ ಸೀದಾ ಬದಿ ಒಳಗಿರಲಿ. ತಳದ ಮಡಿಕೆಯಿಂದ ಒಂದಿಂಚು ಮೇಲೆ, ಎರಡೂ ಪಕ್ಕದಲ್ಲಿ ಬಟ್ಟೆಯ ಮಧ್ಯೆ ಕುಣಿಕೆ ಇಡಿ. ಅದರ ತುದಿಗಳು ಅಂಚಿಗೆ ಸಮವಾಗಿ, ಸುತ್ತು ಒಳಮುಖವಾಗಿ ಇರಬೇಕು. ಪಿನ್ ಹಾಕಿ. ಅಂಚಿನಿಂದ ಅರ್ಧ ಇಂಚು ಬಿಟ್ಟು ಪಕ್ಕ ಹೊಲಿಯಿರಿ, ಕುಣಿಕೆ ಬಂದಾಗ ಹಿಂದಕ್ಕೆ ಮುಂದಕ್ಕೆ ಮೂರು ಸಲ ಹೊಲಿಗೆ ಓಡಿಸಿ. ಇಲ್ಲಿ ಅವಸರ ಮಾಡಲೇಬೇಡಿ. ದಪ್ಪ ಬಟ್ಟೆಗೆ ಮೆಷಿನ್‌ಗೆ 16ನೇ ನಂಬರ್ ಸೂಜಿ ಹಾಕಿ. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ದಾರ ಎಳೆದು ನೋಡಿ, ಪಟಕ್ಕನೆ ಕಿತ್ತರೆ ಹೊಸದು ತನ್ನಿ.

ಮೇಲಿನ ಮೂರೂವರೆ ಇಂಚು ಮಾತ್ರ ಎರಡೂ ಪಕ್ಕ ಹೊಲಿಯದೆ ಬಿಡಿ. ಆ ಸೀಳಿನ ಅಂಚುಗಳನ್ನು ಒಳಕ್ಕೆ ಮಡಚಿ ಹೊಲಿಯಿರಿ, ಇಲ್ಲದಿದ್ದರೆ ಲಾಡಿ ಉಜ್ಜಿ ಉಜ್ಜಿ ಎಳೆ ಬಿಡುತ್ತದೆ. ಆಮೇಲೆ ಬಾಯಿಯನ್ನು ಅರ್ಧ ಇಂಚು, ಮತ್ತೆ ಒಂದೂವರೆ ಇಂಚು ಮಡಚಿ ಕೆಳ ಅಂಚಿನಲ್ಲಿ ಹೊಲಿಯಿರಿ. ಮುಂದೆ ಒಂದು, ಹಿಂದೆ ಒಂದು ಲಾಡಿ ಪಟ್ಟಿ ಆಯಿತು. ಈಗ ಚೀಲದ ಸೀದಾ ಬದಿ ಹೊರಗೆ ಬರುವಂತೆ ತಿರುಗಿಸಿ, ಕುಣಿಕೆಗಳೂ ಹೊರಗೆ ಬರುತ್ತವೆ.

ಲಾಡಿಗೆ ದಪ್ಪ ಹತ್ತಿ ಹಗ್ಗವೇ ಸರಿ. ನೈಲಾನ್‌ನಲ್ಲಿ ಗಂಟು ಜಾರುತ್ತದೆ, ಮಕ್ಕಳ ಹೆಗಲನ್ನೂ ಕೊರೆಯುತ್ತದೆ. ಎರಡೆರಡು ಮೀಟರ್‌ನ ಎರಡು ತುಂಡು ಬೇಕು. ತುದಿಗೆ ಸೇಫ್ಟಿ ಪಿನ್ ಚುಚ್ಚಿ, ಬಲಗಡೆಯಿಂದ ಮುಂದಿನ ಪಟ್ಟಿಯೊಳಗೆ ತೂರಿಸಿ, ಎಡಗಡೆ ಹೊರ ತೆಗೆದು, ಹಿಂದಿನ ಪಟ್ಟಿಯಲ್ಲಿ ಮತ್ತೆ ಬಲಕ್ಕೆ ತನ್ನಿ. ಎರಡು ತುದಿಯೂ ಬಲಗಡೆ ಬಂದವು ಅಲ್ವಾ? ಅವನ್ನು ಬಲಗಡೆಯ ಕುಣಿಕೆಗೆ ಕಟ್ಟಿ. ಇನ್ನೊಂದು ಲಾಡಿಯನ್ನು ಎಡದಿಂದ ಹಾಗೇ ಸುತ್ತಿಸಿ. ಯಾರಿಗೆ ಚೀಲವೋ ಅವರ ಬೆನ್ನಿಗೆ ಹಾಕಿ ನೋಡಿ, ಉದ್ದ ಸರಿಮಾಡಿ, ಆಮೇಲೆ ಹೆಚ್ಚಾದದ್ದು ಕತ್ತರಿಸಿ.

ಆಟದ ಬಟ್ಟೆ, ಬುತ್ತಿ, ಒಂದು ಬಾಟಲಿಗೆ ಈ ಚೀಲ ಸರಿ. ಶಾಲೆ ಪುಸ್ತಕ ತುಂಬಿಸಿ ಕಳಿಸಬೇಡಿ, ಸಣ್ಣ ಲಾಡಿ ಅಷ್ಟು ಭಾರಕ್ಕೆ ಹೆಗಲು ನೋಯಿಸುತ್ತದೆ. ಒಗೆಯುವಾಗ ಲಾಡಿ ಬಿಚ್ಚುವುದು ಬೇಡ. ಬಾಯಿ ಪೂರ್ತಿ ತೆರೆದು, ಉಲ್ಟಾ ಮಾಡಿ ನೆರಳಲ್ಲಿ ಒಣಗಿಸಿ. ಬಣ್ಣದ ಲಾಡಿಯಾದರೆ ಮೊದಲ ಸಲ ಚೀಲವನ್ನು ಉಳಿದ ಬಟ್ಟೆಗಳ ಜೊತೆ ಸೇರಿಸದೆ ಬೇರೆಯೇ ನೆನೆಸಿ.