ರೇಸ್ ಬಿಟ್ಟ ಕುದುರೆಯನ್ನು ದಾವಣಗೆರೆ ಸೀಮೆಯಲ್ಲಿ ಸಾಕಿದ ನನ್ನ ಅನುಭವ

ಸೆಕ್ರೆಟೇರಿಯಟ್ ಅನ್ನೋ ಕುದುರೆಯ ಹೆಸರು ರೇಸ್ ಲಾಯಗಳಲ್ಲಿ ದುಡಿದವರ ಕಿವಿಗೆ ಎಂದಾದರೂ ಬಿದ್ದೇ ಇರುತ್ತೆ. 1970ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದ ಕೆಂಗಂದು ಬಣ್ಣದ ಗಂಡು. 1973ರ ಬೆಲ್ಮಾಂಟ್ ರೇಸಿನಲ್ಲಿ ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿ, ಎರಡನೆಯದಾಗಿ ಬಂದ ಕುದುರೆಯನ್ನು 31 ಲೆಂಗ್ತ್, ಅಂದರೆ 31 ಕುದುರೆಯ ಮೈಯುದ್ದದಷ್ಟು, ಹಿಂದೆ ಹಾಕಿತು. ಆ ರೇಸಿನಲ್ಲಿ ಆ ವೇಳೆಯನ್ನು ಇನ್ನೂ ಯಾವ ಕುದುರೆಯೂ ಮುರಿದಿಲ್ಲ.

ಅದರ ಬದುಕಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಲೆಕ್ಕ. ಅದು ಮೊದಲ ರೇಸ್ ಓಡಿದ್ದು 1972ರ ಜುಲೈನಲ್ಲಿ, ಕೊನೆಯದು 1973ರ ಅಕ್ಟೋಬರ್‌ನಲ್ಲಿ. ಹದಿನಾರು ತಿಂಗಳಲ್ಲಿ 21 ಓಟ, 16 ಗೆಲುವು. ಬದುಕಿದ್ದು 19 ವರ್ಷ. 1989ರಲ್ಲಿ ಗೊರಸಿನ ರೋಗ, ಲ್ಯಾಮಿನೈಟಿಸ್, ವಾಸಿಯಾಗದೆ ಅದಕ್ಕೆ ದಯಾಮರಣ ಕೊಡಬೇಕಾಯಿತು. ಅದಕ್ಕೂ ಇನ್ನೂರು ವರ್ಷ ಹಿಂದೆ ಇಂಗ್ಲೆಂಡಿನಲ್ಲಿ ಎಕ್ಲಿಪ್ಸ್ ಇತ್ತು. ಓಡಿದ 18 ರೇಸನ್ನೂ ಗೆದ್ದ ಕುದುರೆ. ಇವತ್ತಿನ ಥರೋಬ್ರೆಡ್ ಅನ್ನೋ ರೇಸ್ ತಳಿಯಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಕುದುರೆಗಳ ತಂದೆಯ ಸಾಲು ಅದಕ್ಕೇ ಹೋಗಿ ಮುಟ್ಟುತ್ತೆ. ಅದು 1789ರಲ್ಲಿ ಸತ್ತದ್ದು ಹೊಟ್ಟೆಶೂಲೆಯಿಂದ. ಅಂಥ ಎರಡು ಕುದುರೆಗಳನ್ನು ಕೊಂಡುಹೋದದ್ದು ಒಂದನ್ನು ಗೊರಸು, ಇನ್ನೊಂದನ್ನು ಹೊಟ್ಟೆ. ಬೆಂಗಳೂರಿನಲ್ಲಿ ಸೈಸ್ ಕೆಲಸ, ಅಂದರೆ ರೇಸ್ ಕುದುರೆ ನೋಡಿಕೊಳ್ಳೋ ಕೆಲಸ, ಬಿಟ್ಟು ಊರಿಗೆ ಬರುವಾಗ ಮಾಲೀಕರು ನನಗೇ ಬಿಟ್ಟುಕೊಟ್ಟ ಹೆಣ್ಣು ಕುದುರೆಯನ್ನು ನಾನು ಸಾಕಿದ್ದು ಈ ಎರಡನ್ನೇ ಕಣ್ಣ ಮುಂದೆ ಇಟ್ಟುಕೊಂಡು.

ನಮ್ಮ ಹೊಲ ಸಂತೇಬೆನ್ನೂರು ಕಡೆ. ಕುದುರೆಗೆ ಮನೆಯಲ್ಲಿ ಇಟ್ಟ ಹೆಸರು ಗಂಗೆ. ಮುಂಗಾಲಿನ ಹಿಂಬದಿಯ ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟೋ ನಾರು, ಹರಿದು ರೇಸ್ ಬಿಟ್ಟವಳು. ನಾಗಾಲೋಟದಲ್ಲಿ ಒಂದು ಗಳಿಗೆ ಇಡೀ ಮೈಭಾರ ಒಂದೇ ಮುಂಗಾಲಿನ ಮೇಲೆ ಬೀಳುತ್ತೆ, ಮೊಣಕಾಲಿನ ಕೆಳಗೆ ಮಾಂಸಖಂಡ ಅನ್ನೋದೇ ಇಲ್ಲ, ಹುರಿಯಂಥ ಟೆಂಡನ್ನೇ ಎಲ್ಲ ತಡೆಯಬೇಕು. ಹರಿದದ್ದು ಕೂಡಿಕೊಳ್ಳೋಕೆ ಹೆಚ್ಚುಕಮ್ಮಿ ವರ್ಷವೇ ಬೇಕು. ಕೂಡಿದ ಮೇಲೂ ಮೊದಲಿನ ಎಳೆತ ಇರಲ್ಲ. ಹಾಗಾಗಿ ಮತ್ತೆ ಜೋರಾಗಿ ಓಡಿಸೋ ಆಸೆಯನ್ನು ಮೊದಲ ದಿನವೇ ಬಿಟ್ಟೆ.

ಊರಿನವರು ಪ್ರೀತಿಯಿಂದಲೇ ಬಂದು ನೋಡಿದರು. ಪಕ್ಕದ ಹೊಲದ ಕಾಕಾ, "ಕುದ್ರಿ ಬಡಕಾಗೈತಿ ತಮ್ಮಾ, ನಮ್ಮ ಕಣದಾಗ ಮೆಕ್ಕೆಜೋಳ ರಾಶಿ ಬಿದ್ದೈತಿ, ಒಂದು ಚೀಲ ಒಯ್ಯಿ" ಅಂದರು. "ಬ್ಯಾಡ ಕಾಕಾ, ಅದೇ ಇದಕ್ಕೆ ವಿಷ ಆಗಬಹುದು" ಅಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಮೆಕ್ಕೆಜೋಳದ ಸೀಮೆಯಲ್ಲಿ ಇದನ್ನು ಹೇಳೋದು ಕಷ್ಟ. ಮಳೆಗೆ ಸಿಕ್ಕ ತೆನೆಯಲ್ಲಿ ಫ್ಯುಸೇರಿಯಂ ಅನ್ನೋ ಬೂಸ್ಟು ಬೆಳೆದರೆ ಅದರಿಂದ ಫ್ಯುಮೋನಿಸಿನ್ ಅನ್ನೋ ವಿಷ ಬರುತ್ತೆ. ದನ ಅದನ್ನು ಬಹಳಷ್ಟು ತಡೆದುಕೊಳ್ಳುತ್ತೆ. ಕುದುರೆಗೆ ಮೆದುಳೇ ಕರಗಿ ಹೋಗುತ್ತೆ, ಉಳಿಯೋದು ತೀರ ಅಪರೂಪ. ಮೇಲೆ ನೋಡೋಕೆ ಚೆನ್ನಾಗಿರೋ ಕಾಳಿನಲ್ಲೂ ಅದು ಇರಬಹುದು. ಅದಕ್ಕೇ ನಮ್ಮ ಲಾಯದೊಳಕ್ಕೆ ಮೆಕ್ಕೆಜೋಳ ಬರಲ್ಲ.

ಕೋಳಿ ಆಹಾರವೂ ಅಷ್ಟೇ. ಕೋಳಿ ಮೇವಿನಲ್ಲಿ, ಕೆಲವು ಹಿಂಡಿ ಮಿಶ್ರಣಗಳಲ್ಲಿ ಮೊನೆನ್ಸಿನ್ ಅನ್ನೋ ಔಷಧಿ ಸೇರಿಸಿರ್ತಾರೆ. ಅದು ಕೋಳಿಗೆ ಒಳ್ಳೆಯದು, ಕುದುರೆಗೆ ತುಸು ಹೋದರೂ ಹೃದಯ ಹಾಳು. ಚೀಲ ಬದಲಾದರೆ ಸಾಕು, ಅನಾಹುತ. ದನದ ಹಿಂಡಿಯ ಡಬ್ಬ, ಕುದುರೆಯ ಡಬ್ಬ ಬೇರೆ ಬೇರೆ ಕೋಣೆಯಲ್ಲಿ ಇಟ್ಟಿದ್ದೀನಿ. ಆಳುಮಕ್ಕಳಿಗೂ ಅದನ್ನೇ ಮತ್ತೆ ಮತ್ತೆ ಹೇಳ್ತೀನಿ.

ನೇಪಿಯರ್ ಹುಲ್ಲಿನ ವಿಷಯ ಇನ್ನೂ ನಯವಾಗಿ ಕೆಡಿಸುವಂಥದ್ದು. ಹಸುವಿಗೆ ಎಲ್ಲರೂ ಅದನ್ನೇ ಹಾಕ್ತಾರೆ, ನಮ್ಮಲ್ಲೂ ಬೆಳೆದಿದೆ. ಅದರಲ್ಲಿ ಆಕ್ಸಲೇಟ್ ಜಾಸ್ತಿ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಾಣುಗಳು ಅದನ್ನು ಕರಗಿಸ್ತಾವೆ. ಕುದುರೆಗೆ ಆ ಹೊಟ್ಟೆ ಇಲ್ಲ. ಆಕ್ಸಲೇಟ್ ಮೇವಿನ ಕ್ಯಾಲ್ಸಿಯಂ ಹಿಡಿದುಬಿಡುತ್ತೆ, ಮೈ ತನ್ನ ಮೂಳೆಯಿಂದಲೇ ಅದನ್ನು ಕಿತ್ತುಕೊಳ್ಳುತ್ತೆ, ತಿಂಗಳುಗಟ್ಟಲೆ ಹಾಗೇ ನಡೆದರೆ ಮುಖದ ಮೂಳೆ ಊದಿ ಬರುತ್ತೆ. ನಾನು ನಂಬಿದ್ದು ಬದುವಿನ ಗರಿಕೆಯನ್ನು. ಅದನ್ನು ಕೊಯ್ದು ನೆರಳಲ್ಲಿ ಒಣಗಿಸಿ ಹಾಕ್ತೀನಿ, ಜೊತೆಗೆ ಒಂದು ಪಟ್ಟಿಯಲ್ಲಿ ಬೆಳೆದ ಕುದುರೆ ಮಸಾಲೆ (ಲೂಸರ್ನ್) ಅನ್ನೋ ಮೇವಿನ ಸೊಪ್ಪು. ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಬೇಯಿಸಿದ ಹುರುಳಿ ಒಂದು ಹಿಡಿ, ಅಷ್ಟೇ. ಒಣಹುಲ್ಲು ಮಾತ್ರ ದಿನಕ್ಕೆ ಎಂಟು ಕೆಜಿಗೆ ಕಡಿಮೆ ಮಾಡಲ್ಲ.

ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ತೀರ ಸಣ್ಣದು, ಹೆಚ್ಚೆಂದರೆ ಹದಿನೈದು ಲೀಟರ್. ಆಮ್ಲ ಮಾತ್ರ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತೆ. ರೇಸ್ ಲಾಯದಲ್ಲಿ ಕಾಳು ಹೆಚ್ಚು, ಹುಲ್ಲು ಕಡಿಮೆ, ಹೊಟ್ಟೆ ಖಾಲಿ ಇರೋ ಹೊತ್ತು ಜಾಸ್ತಿ. ಹಾಗಾಗಿ ರೇಸ್ ಕುದುರೆಗಳಲ್ಲಿ ಹುಣ್ಣು ಬಹಳ. ವಾಂತಿ ಮಾಡೋ ಶಕ್ತಿಯೂ ಕುದುರೆಗೆ ಇಲ್ಲ, ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಗಂಗೆಯ ಕಾಳನ್ನು ಒಂದೇ ದಿನಕ್ಕೆ ನಿಲ್ಲಿಸದೆ ವಾರಗಟ್ಟಲೆ ಹಿಡಿದು ಇಳಿಸಿದೆ. ಹೊಸ ಮೇವು ಹಾಕಿದರೂ ಅದೇ ನಿಧಾನ.

ಬಂದ ಹೊಸದರಲ್ಲಿ ಅವಳು ನೀರೇ ಕುಡಿಯಲಿಲ್ಲ. ನಮ್ಮ ಬೋರಿನ ನೀರು ಸವಳು. ಮೂಗು ಅದ್ದೋದು, ಮೇಲ್ದುಟಿ ಮಡಚೋದು, ತಲೆ ತಿರುಗಿಸೋದು. ಸಂಜೆ ಹೊತ್ತಿಗೆ ಲದ್ದಿ ಗಟ್ಟಿಯಾಗಿ ಮೇಲೆ ಲೋಳೆ ಕಾಣಿಸಿತು. ಪಕ್ಕೆಗೆ ಕಿವಿ ಇಟ್ಟೆ. ಬಲಗಡೆ ಮೇಲೆ ಕೇಳಿಸಬೇಕಾದ ಗುಡುಗುಡು ಸದ್ದು ತುಂಬಾ ಮಂದ. ಅವಳು ಹಿಂದೆ ತಿರುಗಿ ಹೊಟ್ಟೆ ನೋಡಿಕೊಳ್ಳೋಳು, ಕಾಲಲ್ಲಿ ನೆಲ ಕೆರೆಯೋಳು. ಡಾಕ್ಟರಿಗೆ ಫೋನ್ ಹಚ್ಚಿ, ಮುಂದಿದ್ದ ಹುಲ್ಲು ತೆಗೆದು, ಕೈಹಿಡಿದು ಅಂಗಳದಲ್ಲಿ ಮೆಲ್ಲಗೆ ನಡೆಸಿದೆ. ಅವರು ಬಂದು ಮೂಗಿನಿಂದ ನಳಿಗೆ ಇಳಿಸಿ ನೀರು, ಎಣ್ಣೆ ಕೊಟ್ಟರು. ಬೆಳಗಿನ ಜಾವ ಲದ್ದಿ ಬಿತ್ತು. ಅಲ್ಲಿಂದಾಚೆ ನೀರಿಗೆ ಬೆಲ್ಲ ಕದಡಿ ಇಟ್ಟೆ. ಕುಡಿದಳು. ದಿನಾ ಬೆಲ್ಲ ಕಡಿಮೆ ಮಾಡುತ್ತಾ ಬಂದು ಆಮೇಲೆ ಬಿಟ್ಟೆ. ಬೇಸಿಗೆಯಲ್ಲಿ ಅವಳಿಗೆ ನಲವತ್ತು ಲೀಟರ್ ನೀರೂ ಸಾಲದು, ಬೆವರಿನಲ್ಲಿ ಹೋದ ಉಪ್ಪಿಗೆ ಬದಲಿ ಉಪ್ಪಿನ ಗಡ್ಡೆ ಗೊಂತಿನಲ್ಲೇ ಇರುತ್ತೆ.

ಅವಳ ಇನ್ನೊಂದು ಕಷ್ಟ ಒಂಟಿತನ. ಸುತ್ತ ನೂರಾರು ಕುದುರೆ ಕೆನೆಯುವ ಜಾಗದಿಂದ ಬಂದವಳು, ಇಲ್ಲಿ ಬಾಗಿಲ ಬಳಿ ನಿಂತು ಎಡಕ್ಕೂ ಬಲಕ್ಕೂ ಓಲಾಡ್ತಾನೇ ಇದ್ದಳು. ಒಂದು ಮೇಕೆ ತಂದು ಜೊತೆಗೆ ಬಿಟ್ಟೆ. ರೇಸ್ ಲಾಯಗಳಲ್ಲಿ ಇದು ಹಳೇ ರೂಢಿ. ಓಲಾಟ ಪೂರ್ತಿ ನಿಲ್ಲಲಿಲ್ಲ, ಆದರೆ ಊಟದ ಹೊತ್ತಿಗೆ ಮಾತ್ರ ಅನ್ನೋ ಮಟ್ಟಕ್ಕೆ ಇಳಿಯಿತು.

ಸವಾರಿಗೆ ಬಂದರೆ, ರೇಸ್ ಕುದುರೆಗೆ ಗೊತ್ತಿಲ್ಲದ್ದು ನಿಲ್ಲೋದು. ಜಾಕಿಯನ್ನು ಯಾರೋ ಕಾಲು ಹಿಡಿದು ಮೇಲೆತ್ತಿ ಕೂರಿಸ್ತಾರೆ, ಕುದುರೆ ಆಗಲೇ ಹೆಜ್ಜೆ ಹಾಕ್ತಿರುತ್ತೆ. ಹಾಗಾಗಿ ಕಟ್ಟೆಯ ಪಕ್ಕ ಸುಮ್ಮನೆ ನಿಂತಿರೋದನ್ನೇ ಪಾಠ ಮಾಡಬೇಕಾಯಿತು. ನಿಂತರೆ ಒಂದು ಚೂರು ಗಜ್ಜರಿ. ಎರಡನೆಯದು ಲಗಾಮು. ಬಿಗಿದಷ್ಟೂ ಅದರ ಮೇಲೆ ಭಾರ ಹಾಕಿ ಜೋರಾಗಿ ಓಡೋದನ್ನೇ ಅವಳು ಕಲಿತಿದ್ದು. ತಡೆಯೋಕೆ ಅಂತ ಎಳೆದರೆ ಅವಳಿಗೆ ಅದು ಹೋಗು ಅಂದ ಹಾಗೆ. ಅದಕ್ಕೆ ಲಗಾಮು ಸಡಿಲ ಬಿಟ್ಟು, ಮೈಭಾರ ಹಿಂದಕ್ಕೆ ತಂದು, ದೊಡ್ಡ ದೊಡ್ಡ ಸುತ್ತು ಹಾಕಿಸಿ ನಿಧಾನ ಕಲಿಸಿದೆ. ಒಂದೇ ದಿಕ್ಕಿನ ತಿರುವಿನಲ್ಲಿ ಓಡಿ ಮೈ ಒಂದು ಕಡೆ ಬಿಗಿದಿತ್ತು, ಎರಡೂ ಕಡೆ ಸಮನಾಗಿ ತಿರುಗಿಸೋಕೆ ತಾಳ್ಮೆ ಬೇಕಾಯಿತು.

ಬೆಳಿಗ್ಗೆ ಲಾಯಕ್ಕೆ ಹೋದ ಕೂಡಲೇ ನಾನು ಮಾಡೋದು ನಾಲ್ಕೂ ಗೊರಸಿನ ಮೇಲೆ ಅಂಗೈ ಇಟ್ಟು ಬಿಸಿ ನೋಡೋದು. ಆಮೇಲೆ ಗೊರಸಿನ ಮೇಲಿನ ಗಿಣ್ಣಿನ ಹಿಂದೆ ಎರಡು ಬೆರಳು ಒತ್ತಿ ನಾಡಿ ಹುಡುಕ್ತೀನಿ. ಕಷ್ಟಪಟ್ಟು ಸಿಗುವಷ್ಟು ಮಂದವಾಗಿದ್ದರೆ ಒಳ್ಳೆಯದು. ಟಕ್ ಟಕ್ ಅಂತ ಬೆರಳಿಗೆ ಬಡಿದರೆ ಒಳಗೆ ಉರಿ ಎದ್ದಿದೆ ಅಂತ. ಗೊರಸಿನ ಗೋಡೆಗೂ ಒಳಮೂಳೆಗೂ ನಡುವೆ ಇರುವ ಪದರಗಳ ಹಿಡಿತ ಸಡಿಲವಾದರೆ ಮೂಳೆ ಕೆಳಗೆ ಜಾರುತ್ತೆ. ಸೆಕ್ರೆಟೇರಿಯಟ್‌ಗೆ ಬಂದದ್ದು ಇದೇ ರೋಗ. ಕಾಳಿನ ಚೀಲಕ್ಕೆ ಬಾಯಿ ಹಾಕಿ ಒಂದೇ ಸಲಕ್ಕೆ ಹೊಟ್ಟೆ ತುಂಬ ತಿಂದರೂ ಇದು ಬರಬಹುದು. ಕೋಣೆಗೆ ಬೀಗ ಹಾಕೋದು ಕಳ್ಳರಿಗೆ ಹೆದರಿ ಅಲ್ಲ.

ಗೊರಸು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತೆ. ಐದಾರು ವಾರಕ್ಕೊಮ್ಮೆ ಕತ್ತರಿಸಲೇಬೇಕು. ನಮ್ಮ ಕಡೆ ಎತ್ತಿಗೆ ಲಾಳ ಹೊಡೆಯುವವರು ಇದ್ದಾರೆ, ಕುದುರೆಯ ಗೊರಸಿನ ಕೋನ ನೋಡಿ ಕತ್ತರಿಸುವವರು ಸಿಗೋದು ಕಷ್ಟ. ಬೆಂಗಳೂರಿನಿಂದ ಕುದುರೆಗೆ ಲಾಳ ಹೊಡೆಯೋ ನಾಲಬಂದಿಯೊಬ್ಬರು ಬಂದು ಲಾಳ ತೆಗೆದು ಗೊರಸು ಸರಿಮಾಡಿದರು, ಅವರ ಪಕ್ಕ ನಿಂತು ನಾನೂ ಅರ ಹಿಡಿಯೋದು ಕಲಿತೆ. ಈಗ ನಡುವಿನ ಸಣ್ಣಪುಟ್ಟ ಕೆಲಸ ನಾನೇ ಮಾಡ್ತೀನಿ. ಊರಿನಲ್ಲಿ ಎತ್ತಿಗೆ ಲಾಳ ಹೊಡೆಯೋ ಹುಡುಗನೊಬ್ಬ ಆಸಕ್ತಿಯಿಂದ ಬಂದು ಕೂರ್ತಾನೆ, ಅವನಿಗೂ ತೋರಿಸಿಕೊಡ್ತಿದ್ದೀನಿ.