ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಎರಡನೆಯ ಸ್ನಾಯು ಸಡಿಲಕ: ಕೊಡುವ ಮುನ್ನ ಗಮನಿಸಬೇಕಾದದ್ದು

ಅರಿವಳಿಕೆ ವಿಭಾಗದಲ್ಲಿ ತರಬೇತಿ ಪಡೆಯುತ್ತಿರುವ ವೈದ್ಯರು, ಒಂದು ಸ್ನಾಯು ಸಡಿಲಕ (ಶಸ್ತ್ರಚಿಕಿತ್ಸೆಗಾಗಿ ಸ್ನಾಯುಗಳನ್ನು ತಾತ್ಕಾಲಿಕವಾಗಿ ನಿಶ್ಚಲಗೊಳಿಸುವ ಔಷಧ) ಪಡೆದ ರೋಗಿಗೆ ಮತ್ತೊಂದನ್ನು ಕೊಡುವ ಮೊದಲು ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವ ನರ್ವ್ ಸ್ಟಿಮ್ಯುಲೇಟರ್ ಹಚ್ಚಬೇಕು. ಮಣಿಕಟ್ಟಿನ ಬಳಿ ಅಲ್ನಾರ್ ನರಕ್ಕೆ ಸಾಲಾಗಿ ನಾಲ್ಕು ಪ್ರಚೋದನೆ ಕೊಟ್ಟಾಗ ಹೆಬ್ಬೆರಳು ಎಷ್ಟು ಸಲ ಮಿಡಿಯುತ್ತದೆ ಎಂಬುದರಿಂದಲೇ ಮುಂದಿನ ಡೋಸ್ ನಿರ್ಧಾರವಾಗಬೇಕು.

ಹೆಚ್ಚಾಗಿ ಎಡವುವುದು ಹೊಟ್ಟೆ ಮುಚ್ಚುವ ಹಂತದಲ್ಲಿ. ದೀರ್ಘ ಹೊತ್ತು ಕೆಲಸ ಮಾಡುವ ಸಡಿಲಕವಾದ ಪ್ಯಾಂಕುರೋನಿಯಂನಿಂದ ಆರಂಭಿಸಿದ ಕೇಸಿನಲ್ಲಿ ಸ್ನಾಯು ಬಿಗಿಯಾಗುತ್ತಿದೆ ಎಂದು ಸರ್ಜನ್ ಹೇಳಿದೊಡನೆ, ಬೇಗ ಇಳಿದುಹೋಗುತ್ತದೆ ಎಂಬ ನಂಬಿಕೆಯಿಂದ ಮತ್ತೊಂದು ಸಡಿಲಕವಾದ ವೆಕುರೋನಿಯಂ ಅನ್ನು ಸ್ವಲ್ಪ ಕೊಡಲಾಗುತ್ತದೆ. ಆದರೆ ಆ ಹೊತ್ತಿಗೆ ನರ-ಸ್ನಾಯು ಸಂಧಿಯ ಬಹುಪಾಲು ಗ್ರಾಹಕಗಳನ್ನು ಪ್ಯಾಂಕುರೋನಿಯಂ ಹಿಡಿದಿರುವುದರಿಂದ, ಹೊಸ ಡೋಸ್‌ನ ಪರಿಣಾಮವೂ ಬಹುಮಟ್ಟಿಗೆ ಪ್ಯಾಂಕುರೋನಿಯಂನಷ್ಟೇ ಹೊತ್ತು ಉಳಿಯುತ್ತದೆ. ಮೊದಲ ಔಷಧ ರಕ್ತದಿಂದ ಬಹುಪಾಲು ಇಳಿದ ಮೇಲಷ್ಟೇ ಎರಡನೆಯದು ತನ್ನ ಸ್ವಂತ ಅವಧಿಗೆ ಮರಳುತ್ತದೆ. ಇಂಥ ಸಂದರ್ಭದಲ್ಲಿ ಅರಿವಳಿಕೆಯ ಅನಿಲವನ್ನೋ ನಿದ್ರೆ ತರಿಸುವ ಪ್ರೊಪೋಫಾಲನ್ನೋ ತುಸು ಹೆಚ್ಚಿಸಿ ನಿಭಾಯಿಸಲು ಸಾಧ್ಯವೇ ಎಂದು ಮೊದಲು ನೋಡುವುದು ಒಳ್ಳೆಯದು.

ವೆಕುರೋನಿಯಂ ಮತ್ತು ರೋಕುರೋನಿಯಂನಂಥ ಒಂದೇ ಸ್ಟಿರಾಯ್ಡ್ ಗುಂಪಿನ ಔಷಧಗಳ ಪರಿಣಾಮ ಸಾಮಾನ್ಯವಾಗಿ ಕೂಡಿಕೆಯಾಗುತ್ತದೆ. ಆದರೆ ರೋಕುರೋನಿಯಂ ಮೇಲೆ ಬೇರೆ ಗುಂಪಿನ ಸಡಿಲಕಗಳಾದ ಅಟ್ರಾಕುರಿಯಂ ಅಥವಾ ಸಿಸಾಟ್ರಾಕುರಿಯಂ ಸೇರಿದಾಗ ಒಟ್ಟು ಪರಿಣಾಮ ಕೂಡಿಕೆಯನ್ನೂ ಮೀರುತ್ತದೆ. ಆದ್ದರಿಂದ ಗುಂಪು ಬದಲಿಸುವುದು ಅನಿವಾರ್ಯವಾದರೆ ಡೋಸ್ ತಗ್ಗಿಸಿ ಮತ್ತೆ ಅಳೆಯಬೇಕು.

ಸಕ್ಸಿನೈಲ್‌ಕೋಲೀನ್ ಎಂಬ, ಬೇಗ ಹತ್ತಿ ಬೇಗ ಇಳಿಯುವ ಸಡಿಲಕದ ವಿಷಯ ಬೇರೆ. ಅದು ಉಂಟುಮಾಡುವ ಸ್ನಾಯುಗಳ ಅದುರುವಿಕೆ ತಪ್ಪಿಸಲೆಂದು ಮುಂಚಿತವಾಗಿ ಅಲ್ಪ ಪ್ರಮಾಣದ ರೋಕುರೋನಿಯಂ ಕೊಟ್ಟರೆ ಸಕ್ಸಿನೈಲ್‌ಕೋಲೀನ್‌ನ ಪರಿಣಾಮ ಕುಗ್ಗುವುದರಿಂದ, ಕಿಲೋಗೆ 1 ಮಿಲಿಗ್ರಾಂ ಬದಲು 1.5 ಮಿಲಿಗ್ರಾಂ ಬೇಕಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಸಡಿಲಕದ ಪರಿಣಾಮ ಇಳಿಸುವ ನಿಯೋಸ್ಟಿಗ್ಮಿನ್ ಕೊಟ್ಟ ಮೇಲೆ ಧ್ವನಿಪೆಟ್ಟಿಗೆ ಬಿಗಿದು ಸಕ್ಸಿನೈಲ್‌ಕೋಲೀನ್ ಕೊಡಬೇಕಾಗಿ ಬಂದರೆ, ಅದನ್ನು ಒಡೆಯುವ ಪ್ಲಾಸ್ಮಾ ಕೋಲಿನೆಸ್ಟರೇಸ್ ಎಂಬ ಕಿಣ್ವ ಆಗಲೇ ತಡೆಗೊಂಡಿರುವುದರಿಂದ ಪರಿಣಾಮ ನಿರೀಕ್ಷೆಗಿಂತ ಬಹಳ ಹೆಚ್ಚು ಹೊತ್ತು ಉಳಿಯುತ್ತದೆ. ಆಗ ರೋಗಿಯನ್ನು ನಿದ್ರೆಯಲ್ಲೇ ಇರಿಸಿ, ಸ್ನಾಯುಬಲ ಪೂರ್ತಿ ಮರಳುವ ತನಕ ಉಸಿರಾಟ ನಡೆಸಿಕೊಡಬೇಕು, ಏಕೆಂದರೆ ಪ್ರಜ್ಞೆ ಬಂದೂ ಉಸಿರೆಳೆಯಲಾಗದೆ ಮಲಗಿರುವುದಕ್ಕಿಂತ ದೊಡ್ಡ ಭಯ ರೋಗಿಗೆ ಇನ್ನೊಂದಿಲ್ಲ.

ಎರಡೂ ಗುಂಪಿನ ಸಡಿಲಕ ಪಡೆದ ರೋಗಿಗೆ, ಸಡಿಲಕದ ಪರಿಣಾಮ ಇಳಿಸುವ ಇನ್ನೊಂದು ಔಷಧವಾದ ಸುಗಮಾಡೆಕ್ಸ್ ಕೊಡುವಾಗ, ಅದು ರೋಕುರೋನಿಯಂ ಮತ್ತು ವೆಕುರೋನಿಯಂಗಳನ್ನು ಹಿಡಿದಿಡುತ್ತದೆಯೇ ಹೊರತು ಅಟ್ರಾಕುರಿಯಂ ಪಾಲನ್ನು ಮುಟ್ಟುವುದಿಲ್ಲ ಎಂಬುದನ್ನು ನೆನಪಿಡಬೇಕು. ಆ ಪಾಲಿಗೆ ಮಿಡಿತಗಳು ಸಾಕಷ್ಟು ಮರಳಿದ ಮೇಲೆ ಹೃದಯ ಬಡಿತ ಕುಸಿಯದಂತೆ ತಡೆಯುವ ಗ್ಲೈಕೋಪೈರೋಲೇಟ್ ಜೊತೆ ನಿಯೋಸ್ಟಿಗ್ಮಿನ್ ಕೊಡಬೇಕು. ನಾಲ್ಕನೆಯ ಮಿಡಿತ ಮೊದಲನೆಯದರ ಕನಿಷ್ಠ 0.9 ಪಾಲಿಗೆ ಬಂದಿದೆ ಎಂದು ಅಳತೆಯಿಂದ ಖಚಿತವಾದ ಮೇಲಷ್ಟೇ ಉಸಿರಾಟದ ಟ್ಯೂಬ್ ತೆಗೆಯಬೇಕು. ಸುಗಮಾಡೆಕ್ಸ್ ಕೊಟ್ಟ ಸ್ವಲ್ಪ ಹೊತ್ತಿಗೇ ರೋಗಿಯನ್ನು ಮತ್ತೆ ಥಿಯೇಟರಿಗೆ ಒಯ್ಯಬೇಕಾದರೆ, ರೋಕುರೋನಿಯಂನ ಮಾಮೂಲು ಡೋಸ್ ಮೇಲೆ ಭರವಸೆ ಇಡದೆ ಸಿಸಾಟ್ರಾಕುರಿಯಂ ಅಥವಾ ಅಟ್ರಾಕುರಿಯಂ ಆರಿಸಿಕೊಳ್ಳಬೇಕು.